ಇಳಿಜಾರಿನಲ್ಲಿ ಉಳಿಸಿದ ಪೆಟ್ರೋಲ್

ಆಗಸ್ಟ್ 1, ಶುಕ್ರವಾರ

ಹೊಸ ಗಾಡಿಗೆ ಹೊಸ ಪುಸ್ತಕ. ಮೂವತ್ತೊಂದು ವರ್ಷದಿಂದ ಇದೇ ನನ್ನ ಪದ್ಧತಿ. ಹಳೇ ಮಿನಿಬಸ್ಸಿನ ಪುಸ್ತಕಗಳು ಮಂಚದ ಕೆಳಗೆ ರಾಶಿ ಬಿದ್ದಿವೆ. ಅವನ್ನೆಲ್ಲ ಒಲೆಗೆ ಹಾಕುತ್ತೇನೆಂದು ನಿಕೊಲಾಸಾ ವರ್ಷಕ್ಕೊಮ್ಮೆ ಹೆದರಿಸುತ್ತಾಳೆ. ಅವಳಿಗೆ ಓದಲು ಬರುತ್ತದೆ, ನನ್ನ ಕೋಳಿಕಾಲಿನ ಅಕ್ಷರ ಓದುವ ತಾಳ್ಮೆ ಇಲ್ಲ. ಹಾಗಾಗಿ ಇಲ್ಲಿ ಏನು ಬೇಕಾದರೂ ಬರೆಯಬಹುದು.

ಗಾಡಿ ಬಿಳಿಯದು, ಉದ್ದನೆಯದು, ಆರು ಜನ ಕೂತು ಹಿಂದೆ ನಾಲ್ಕು ಮೂಟೆ ಕಿತ್ತಳೆ ಹಿಡಿಸುವಂಥದ್ದು. ಜಪಾನಿನಲ್ಲಿ ಹುಟ್ಟಿ, ಇಕಿಕೆ ಬಂದರಿನಲ್ಲಿ ಇಳಿದು, ಒರೂರೋದಲ್ಲಿ ಸ್ಟೀರಿಂಗನ್ನು ಬಲದಿಂದ ಎಡಕ್ಕೆ ಹಾಕಿಸಿಕೊಂಡು ಬಂದದ್ದು. ಬಲಗಡೆ ಸ್ಟೀರಿಂಗ್ ಇದ್ದ ತೂತಿಗೆ ತಗಡು ಬಡಿದಿದ್ದಾರೆ. ಕೀಲಿ ತಿರುಗಿಸಿದರೆ ಒಳಗಿನಿಂದ ಒಬ್ಬಳು ಹೆಂಗಸು ಜಪಾನಿನ ಮಾತಿನಲ್ಲಿ ಏನೋ ಹೇಳುತ್ತಾಳೆ. ಏನು ಹೇಳುತ್ತಾಳೋ ದೇವರಿಗೇ ಗೊತ್ತು. "ನಿನ್ನ ಯೋಗ್ಯತೆಗೆ ಇನ್ನೊಬ್ಬಳು ಬೇರೆ ಬೇಕಿತ್ತಾ?" ಎಂದಳು ನಿಕೊಲಾಸಾ.

ಕ್ಲಚ್ ಇಲ್ಲ, ಆಟೋಮ್ಯಾಟಿಕ್. ಅದಕ್ಕೇ ಕೊಂಡದ್ದು. ನನ್ನ ಎಡ ಮೊಣಕಾಲು ಹೋದ ವರ್ಷವೇ ಕೈಕೊಟ್ಟಿತು, ಕ್ಲಚ್ ಒತ್ತಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಕೊಂಪಾದ್ರೆ ತಿಬುರ್ಸಿಯೋ ಇದನ್ನು ಒಂದೂವರೆ ವರ್ಷ ನಮ್ಮದೇ ದಾರಿಯಲ್ಲಿ ಓಡಿಸಿದವನು. ವ್ಯಾನ್ ಕೊಂಡಮೇಲೆ, ಬೇರೆಯವರು ಹೆಚ್ಚಿಗೆ ಕೊಡುತ್ತೇವೆಂದರೂ ನನಗೇ ಕೊಟ್ಟ. ಸೈನ್ಯದಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು ನಾವು. ಅವನ ಮಗ ಎದ್ಗಾರ್‌ನ ದೀಕ್ಷಾಸ್ನಾನದ ದಿನ ಮಗುವನ್ನು ಎತ್ತಿಕೊಂಡವನು ನಾನು. ಅವತ್ತಿನಿಂದ ಕೊಂಪಾದ್ರೆಗಳಾಗಿ, 'ಲೋ' ಬಿಟ್ಟು 'ನೀವು, ತಾವು' ಹಿಡಿದೆವು. ಈಗ ಸೆಪ್ಟೆಂಬರ್ ಇಪ್ಪತ್ತಕ್ಕೆ ಅದೇ ಎದ್ಗಾರ್‌ನ ಮದುವೆ. ಧರ್ಮದ ತಂದೆತಾಯಿಯಾಗಿ ನಿಲ್ಲುವವರು ನಾನು ಮತ್ತು ನಿಕೊಲಾಸಾ. ಹುಡುಗಿ ಕೊರೊಯ್ಕೋದವಳು. ಮದುಮಗನನ್ನು ಬೆಟ್ಟ ಇಳಿಸಿ ಚರ್ಚಿಗೆ ಕರೆದೊಯ್ಯುವುದು ಈ ಗಾಡಿಯಲ್ಲೇ.

ಭೂತಾಯಿ ಕಾಣಿಕೆಗೆ ಬಾಯಿ ತೆರೆದಿರುವ ತಿಂಗಳಿನ ಮೊದಲ ಶುಕ್ರವಾರ ಇವತ್ತು. ಗಾಡಿಗೆ ಹೂವು, ಬಣ್ಣದ ಕಾಗದ, ನಾಲ್ಕೂ ಚಕ್ರಕ್ಕೆ ಬಿಯರ್. ಕೀಲಿ ಕೈಗಿಡುವಾಗ ತಿಬುರ್ಸಿಯೋ, "ಒಂದ್ ಮಾತು ಕೊಂಪಾದ್ರೆ. ಇಳಿಯೋವಾಗ ಗೇರನ್ನ ಡಿ ಯಲ್ಲೇ ಬಿಟ್ಬಿಡಿ. ಅದರ ಪಾಡಿಗೆ ಅದು ಇಳೀತದೆ, ಮಿನಿಬಸ್ಸಿನ ಥರ ಅಲ್ಲ," ಎಂದ. ಮೂವತ್ತೊಂದು ವರ್ಷ ಆ ಬೆಟ್ಟ ಇಳಿದವನಿಗೆ ಪಾಠ! ಕುಡಿದಿದ್ದ, ಪಾಪ. ತಲೆ ಆಡಿಸಿದೆ.

ಆಗಸ್ಟ್ 4, ಸೋಮವಾರ

ಮೊದಲ ಸುತ್ತು. ಡ್ರೈವರುಗಳ ಸಂಘದಲ್ಲಿ ನನ್ನ ನಂಬರ್ ಏಳು, ಬೆಳಿಗ್ಗೆ ಆರಕ್ಕೇ ಸರದಿ ಬಂತು. ವಿಯ್ಯಾ ಫಾತಿಮಾ ನಿಲ್ದಾಣದಿಂದ ಕೊರೊಯ್ಕೋ ದಾರಿ ಹಿಡಿದು ಲಾ ಕುಂಬ್ರೆ ಬೆಟ್ಟದ ನೆತ್ತಿಗೆ ನಲವತ್ತು ನಿಮಿಷ. ಮೊಣಕಾಲು ಒಂದು ಸಲವೂ ಮಿಸುಕಲಿಲ್ಲ. ಕಾಲು ಚಾಚಿ ಕೂತಿದ್ದೆ, ಗವರ್ನರ್ ಹಾಗೆ.

ನೆತ್ತಿಯಲ್ಲಿ ಭೂತಾಯಿಗೆ ನಾಲ್ಕು ಹನಿ ಆಲ್ಕೋಹಾಲ್ ಚಿಮುಕಿಸಿ ಹೊರಟೆ. ಅಲ್ಲಿಂದಾಚೆ ಬರೀ ಇಳಿಜಾರು. ನ್ಯೂಟ್ರಲ್. ಉದ್ದನೆಯ ನೇರ ದಾರಿ ಬಂದಾಗ ಎಂಜಿನ್ನೂ ಆರಿಸಿದೆ. ಬ್ರೇಕ್ ಸ್ವಲ್ಪ ಗಟ್ಟಿಯಾಗುತ್ತದೆ, ಆಗಲಿ, ಬಲಗಾಲು ಗಟ್ಟಿಯೇ ಇದೆ. ಗಾಳಿಯ ಸದ್ದು ಬಿಟ್ಟರೆ ಏನೂ ಕೇಳುವುದಿಲ್ಲ. ಉಂದುವಾವಿ ಹತ್ತಿರ ಮತ್ತೆ ಚಾಲೂ ಮಾಡಿದಾಗ ಆ ಹೆಂಗಸು ಮಾತಾಡಿದಳು. ಹಿಂದೆ ಕೂತ ಮುದುಕಿ, "ಬೈತಾಳೆ ನೋಡಪ್ಪಾ ನಿನಗೆ!" ಎಂದಳು. ಎಲ್ಲರೂ ನಕ್ಕರು.

ಉಳಿಸಿದ್ದು: ಎರಡೂವರೆ ಲೀಟರ್. ರಾಮಿರೋನ ಬಸ್ಸು ಕೊತಾಪಾತಾ ಕೆಳಗೆ ಉರುಳಿದ ಮೇಲೆ ಸಂಘದವರು ನಿಯಮ ಮಾಡಿದ್ದಾರೆ: ನ್ಯೂಟ್ರಲ್‌ನಲ್ಲಿ ಇಳಿಸಿದವನ ನಂಬರ್ ವಾಪಸ್, ಆಮೇಲೆ ಈ ದಾರಿಯಲ್ಲಿ ಗಾಡಿ ಓಡಿಸುವಂತಿಲ್ಲ. ರಾಮಿರೋಗೆ ಬರುತ್ತಿರಲಿಲ್ಲ, ಹೋದ. ನನಗೆ ಬರುತ್ತದೆ. ಹೇಳುವವರು ಯಾರು?

ಆಗಸ್ಟ್ 9, ಶನಿವಾರ

ಉಳಿಸಿದ್ದು: ಮೂರು ಲೀಟರ್. ಮಿನಿಬಸ್ಸಿನಲ್ಲೂ ಇಷ್ಟು ಉಳಿದಿರಲಿಲ್ಲ. ತಿಬುರ್ಸಿಯೋ ಇಷ್ಟು ದಿನ ಈ ಗಾಡಿಯನ್ನು ಓಡಿಸುತ್ತಿದ್ದನೋ ಹಾಲು ಕುಡಿಸಿ ಸಾಕುತ್ತಿದ್ದನೋ.

ಆಗಸ್ಟ್ 10, ಭಾನುವಾರ

ಮತದಾನ. ಗಾಡಿ ಓಡಿಸುವಂತಿಲ್ಲ, ಕುಡಿಯುವಂತಿಲ್ಲ. ಖಾಲಿ ರಸ್ತೆಯಲ್ಲಿ ಮಕ್ಕಳು ಚೆಂಡಾಡುತ್ತಿದ್ದವು. ತಿಬುರ್ಸಿಯೋ ಮನೆಯವರು ಬಂದಿದ್ದರು, ಎಲ್ಲರೂ ಒಟ್ಟಿಗೆ ಊಟ. "ಗಾಡಿ ಹೇಗಿದೆ ಕೊಂಪಾದ್ರೆ?" "ಬಂಗಾರ!" ಎಂದೆ. ಮುಖ ಅರಳಿತು ಅವನಿಗೆ.

ಆಗಸ್ಟ್ 14, ಗುರುವಾರ

ಗೇರ್ ಬೀಳುವಾಗ ಒಂದು ಸಣ್ಣ ಜಗ್ಗು. ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆದಂತೆ. ಚಳಿಗೆ ಇರಬೇಕು. ಉಳಿಸಿದ್ದು: ಎರಡೂವರೆ.

ಆಗಸ್ಟ್ 21, ಗುರುವಾರ

ಬೆಳಿಗ್ಗೆ ಡಿ ಗೆ ಹಾಕಿದರೆ ಗಾಡಿ ಯೋಚನೆ ಮಾಡುತ್ತದೆ. ಒಂದು, ಎರಡು, ಮೂರು ಎಣಿಸಬೇಕು, ಆಮೇಲೆ ಧಡ್ ಎಂದು ಹೊರಡುತ್ತದೆ. ಹತ್ತುವಾಗ ಎಂಜಿನ್ ಕೂಗುತ್ತದೆ, ಚಕ್ರಕ್ಕೆ ಕಿವಿ ಕೇಳುವುದಿಲ್ಲ. ಸುಟ್ಟ ವಾಸನೆ. ನಿಕೊಲಾಸಾಗೆ ಹೇಳಿದೆ. "ಕೊಂಪಾದ್ರೆನ ಕೇಳು," ಎಂದಳು. ಕೇಳಿದರೆ ಮತ್ತೆ ಪಾಠ ಶುರು ಮಾಡುತ್ತಾನೆ. ಬೇಡ.

ಆಗಸ್ಟ್ 23, ಶನಿವಾರ

ಮುಗಿಯಿತು.

ಕೊರೊಯ್ಕೋದಿಂದ ವಾಪಸ್ ಹತ್ತುತ್ತಿದ್ದೆ. ಆರು ಜನ, ಹಿಂದೆ ಕಿತ್ತಳೆ. ಕೊತಾಪಾತಾ ದಾಟಿದ ಮೇಲೆ ಎಂಜಿನ್ ಒಮ್ಮೆ ಕಿರುಚಿತು, ಗಾಡಿ ನಿಂತುಬಿಟ್ಟಿತು. ಡಿ ಗೆ ಹಾಕಿದರೂ ಇಲ್ಲ, ಆರ್ ಗೆ ಹಾಕಿದರೂ ಇಲ್ಲ. ಆ ಹೆಂಗಸು ಮಾತ್ರ ಕೀಲಿ ತಿರುಗಿಸಿದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದಳು. ಜನ ದುಡ್ಡು ವಾಪಸ್ ಕೇಳಿ, ಬೈದು, ಬೇರೆ ಗಾಡಿ ಹತ್ತಿ ಹೋದರು. ಬಾಳೆಹಣ್ಣಿನ ಲಾರಿಯವನು ಹಗ್ಗ ಕಟ್ಟಿ ಎಳೆದ. ಅಷ್ಟು ಎತ್ತರದ ಬೆಟ್ಟ ದಾಟಿ ಮನೆ ಬಾಗಿಲವರೆಗೆ, ಸತ್ತ ನಾಯಿಯನ್ನು ಎಳೆದ ಹಾಗೆ. ಎದುರಿಗೆ ಬಂದ ನಮ್ಮ ಸಂಘದ ಗಾಡಿಗಳೆಲ್ಲ ಹಾರ್ನ್ ಹೊಡೆದವು. ನನಗೆ ನಾಚಿಕೆಯಾಯಿತು.

ಕೊಂಡು ಮೂರು ವಾರ ಆಗಿದೆ. ಮೂರೇ ವಾರ.

ಆಗಸ್ಟ್ 24, ಭಾನುವಾರ

ಪಕ್ಕದ ಮನೆಯ ವೆಲ್ಡಿಂಗ್‌ನವನು ಗಾಡಿಯ ಅಡಿ ತೂರಿ ನೋಡಿದ. "ದೋನ್ ಫೌಸ್ತೀನೋ, ಗೇರ್‌ಬಾಕ್ಸಿನ ಬೋಲ್ಟು ನೋಡಿ. ಸುತ್ತ ಎಲ್ಲಾ ಮಣ್ಣು, ಬೋಲ್ಟು ಮಾತ್ರ ಫಳಫಳ. ಇತ್ತೀಚೆಗೆ ಬಿಚ್ಚಿ ಹಾಕಿದಾರೆ."

ನಾನೂ ಮಲಗಿ ನೋಡಿದೆ. ನಿಜ. ಬೆಳ್ಳಿ ಕಾಸಿನ ಹಾಗೆ ಹೊಳೆಯುತ್ತಿದ್ದವು.

ಅಂದರೆ ಕೆಟ್ಟಿತ್ತು. ಬಿಚ್ಚಿಸಿ, ಏನೋ ತೇಪೆ ಹಾಕಿಸಿ, ನನ್ನ ಕೈಗೆ ಕೊಟ್ಟ. ಬೇರೆಯವರಿಗೆ ಮಾರಿದ್ದರೆ ಮಾರನೇ ದಿನವೇ ಬಂದು ಕತ್ತಿನ ಪಟ್ಟಿ ಹಿಡಿಯುತ್ತಿದ್ದರು. ಕೊಂಪಾದ್ರೆ ತಾನೆ, ಬಾಯಿ ಮುಚ್ಚಿಕೊಂಡಿರುತ್ತಾನೆ. ಅದಕ್ಕೇ ನನಗೆ. ಬಾಗಿಲಲ್ಲಿ ಕೂತು ಬಹಳ ಹೊತ್ತು ಏಳಲಿಲ್ಲ. ಗೊತ್ತಿಲ್ಲದವನು ಮೋಸ ಮಾಡಿದರೆ ಬೈದು ಮರೆಯಬಹುದು. ಇವನು ನನ್ನ ಮನೆಯ ಉಪ್ಪು ತಿಂದವನು.

ಆಗಸ್ಟ್ 25, ಸೋಮವಾರ

ಎಲ್ಲ ಬರೆದಿಡುತ್ತೇನೆ, ಒಂದಕ್ಷರ ಬಿಡದೆ. ಶನಿವಾರ ಸಂಘದ ಮುಂದೆ ಸಾಕ್ಷಿಗೆ ಬೇಕು.

ತಿಬುರ್ಸಿಯೋನ ಮನೆಗೆ ಹೋದೆ. ಅಂಗಳದಲ್ಲಿ ವ್ಯಾನ್ ತೊಳೆಯುತ್ತಿದ್ದ. ನಾನು ಕೂರಲಿಲ್ಲ.

"ಗೇರ್‌ಬಾಕ್ಸ್ ಹೋಯ್ತು."

"ಅಯ್ಯೋ! ಏನಾಯ್ತು ಕೊಂಪಾದ್ರೆ?"

"ಅದನ್ನ ನೀವು ಹೇಳ್ಬೇಕು. ಕೊಡೋ ಮುಂಚೆ ಬಿಚ್ಚಿಸಿದ್ರಾ ಇಲ್ವಾ?"

"ಬಿಚ್ಚಿಸಿದ್ದೆ. ಎಣ್ಣೆ ಬದಲಾಯಿಸೋಕೆ."

"ಎಣ್ಣೆ!" ನನಗೆ ನಗು ಬಂತು.

ಅವನು ಬಟ್ಟೆ ಹಿಂಡಿ ಬಕೀಟಿನ ಮೇಲೆ ಹಾಕಿದ. "ನನ್ ಹತ್ರ ಇದ್ದಾಗ ಚೆನ್ನಾಗಿತ್ತು, ನನ್ನ ಮಗನಾಣೆ. ಇಳಿಯೋವಾಗ ಡಿ ಯಲ್ಲೇ ಬಿಟ್ಟಿದ್ರಿ ತಾನೇ?"

ನೋಡು, ತಪ್ಪನ್ನು ನನ್ನ ತಲೆಗೆ ಕಟ್ಟುವ ಉಪಾಯ! "ಹೌದು, ಡಿ ಯಲ್ಲೇ," ಎಂದೆ. ನಾನು ಹೇಗೆ ಇಳಿಸುತ್ತೇನೆ ಅನ್ನುವುದು ಅವನಿಗ್ಯಾಕೆ?

"ಹಾಗಾದ್ರೆ ನಂಗೂ ಅರ್ಥ ಆಗ್ತಿಲ್ಲ. ಎಲ್ ಆಲ್ತೋದ ಲಿಮಾಚಿ ಮೇಸ್ತ್ರಿ ಹತ್ರ ಕಳಿಸಿ. ಆಟೋಮ್ಯಾಟಿಕ್ ಗೊತ್ತಿರೋದು ಅವನೊಬ್ಬನಿಗೇ."

"ನಿಮ್ಮ ಮಗನ ಮದುವೆಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ," ಎಂದು ಬಂದುಬಿಟ್ಟೆ. ಬಾಗಿಲು ದಾಟುವಾಗ ಮೊಣಕಾಲು ಹಿಡಿದುಕೊಂಡಿತು, ಕುಂಟುತ್ತಾ ಬಂದೆ. ಹಿಂದಿನಿಂದ ನೋಡುತ್ತಿದ್ದನೆಂದು ಗೊತ್ತು.

ಆಗಸ್ಟ್ 27, ಬುಧವಾರ

ಗಾಡಿ ಲಿಮಾಚಿಯ ಶೆಡ್ಡಿಗೆ ಹೋಯಿತು, ಈ ಸಲ ಲಾರಿಯ ಮೇಲೆ ಹೇರಿಸಿ. ಲಿಮಾಚಿ ಇರಲಿಲ್ಲ, ಅವನ ಹೆಂಡತಿ ಕೀಲಿ ತೆಗೆದುಕೊಂಡಳು.

ನಿಕೊಲಾಸಾ ಮಾತಾಡುತ್ತಿಲ್ಲ. ಮದುವೆಗೆಂದು ಹೊಲಿಸಿದ ಹೊಸ ಲಂಗ ಗೋಡೆಗೆ ನೇತುಹಾಕಿದ್ದಾಳೆ, ನನಗೆ ಕಾಣಲಿ ಎಂದೇ. ಆಮೇಲೆ ಅಡುಗೆಮನೆಯಿಂದ ಗೋಡೆಗೆ ಹೇಳಿದಂತೆ, "ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ." ಯಾರಿಗೆ ಹೇಳಿದೆ ಎಂದು ಕೇಳಿದರೆ, "ಬೆಕ್ಕಿಗೆ," ಎಂದಳು. ನಮ್ಮ ಮನೆಯಲ್ಲಿ ಬೆಕ್ಕಿಲ್ಲ.

ಆಗಸ್ಟ್ 30, ಶನಿವಾರ

ಸಂಘದ ಸಭೆ. ಮಾತು ಸಿಕ್ಕಿದ ಕೂಡಲೇ ಎದ್ದು ನಿಂತೆ. ಈ ಪುಸ್ತಕ ಕೈಯಲ್ಲಿತ್ತು, ತೆಗೆಯುವ ಅಗತ್ಯವೇ ಬೀಳಲಿಲ್ಲ. ಎಲ್ಲ ಬಾಯಿಪಾಠ ಆಗಿತ್ತು.

"ಸಂಗಾತಿಗಳೇ, ಕಳ್ಳರು ಹೊರಗಿಂದ ಬರ್ತಾರೆ ಅಂದ್ಕೊಂಡಿದ್ದೆ. ನಮ್ಮ ಬೆಂಚಿನ ಮೇಲೇ ಕೂತಿದಾರೆ. ಕೆಟ್ಟ ಗೇರ್‌ಬಾಕ್ಸಿಗೆ ಬೋಲ್ಟು ತಿಕ್ಕಿ, ಹೂವು ಕಟ್ಟಿ, ಬಿಯರ್ ಚೆಲ್ಲಿ, ಕುಂಟನಿಗೆ ಮಾರಿದಾರೆ. ಯಾರು ಅಂತ ಹೇಳ್ಲಾ? ನನ್ನ ಕೊಂಪಾದ್ರೆ!"

ನಲವತ್ತು ಡ್ರೈವರುಗಳು. ಎಲ್ಲರೂ ಅವನ ಕಡೆ ತಿರುಗಿದರು.

ಕಾರ್ಯದರ್ಶಿ ದೋನ್ ಸಿಪ್ರಿಯಾನೋ ಕೇಳಿದ: "ತಿಬುರ್ಸಿಯೋ, ಏನ್ ಹೇಳ್ತೀರಿ? ಗೇರ್‌ಬಾಕ್ಸ್ ಯಾಕೆ ಹೋಯ್ತು ಅಂತ ಗೊತ್ತಾ?"

ಅವನು ಎದ್ದ. ಟೋಪಿ ಕೈಯಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿದ. ನನ್ನನ್ನು ನೋಡಿದ. ನಾನು ಕಣ್ಣು ಕೀಳಲಿಲ್ಲ.

"ನನ್ ತಪ್ಪು ಅಂತಲೇ ಬರ್ಕೊಳ್ಳಿ," ಎಂದ.

ಅಷ್ಟೇ. ಜಗಳ ಇಲ್ಲ, ಆಣೆ ಇಲ್ಲ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಸಂಗಾತಿಗೆ ಮೋಸ ಮಾಡಿದ್ದಕ್ಕೆ ಮೂರು ವಾರ ಸರದಿಯಿಂದ ಹೊರಗೆ ಎಂದು ತೀರ್ಪಾಯಿತು. ನಾನು ಗೆದ್ದೆ. ಹೊರಗೆ ಯಾರೋ ಬೆನ್ನು ತಟ್ಟಿದರು, ಯಾರೋ ಬಿಯರ್ ಕೊಡಿಸುತ್ತೇನೆಂದರು. ಯಾಕೋ ಕುಡಿಯುವ ಮನಸ್ಸಾಗಲಿಲ್ಲ. ಅವನು ಎದುರಾಡಿದ್ದರೆ ಚೆನ್ನಾಗಿತ್ತು. ನನ್ನ ಹತ್ತಿರ ಇನ್ನೂ ಬೇಕಾದಷ್ಟು ಮಾತು ಉಳಿದುಹೋಯಿತು.

ಸೆಪ್ಟೆಂಬರ್ 2, ಮಂಗಳವಾರ

ಮನೆಯಲ್ಲೇ. ಅವನ ವ್ಯಾನೂ ಅವನ ಅಂಗಳದಲ್ಲೇ ನಿಂತಿದೆ. ಬ್ರೆಡ್ ತರಲು ಹೋಗುವಾಗ ಆ ಬೀದಿಯಲ್ಲೇ ಹೋಗುತ್ತೇನೆ. ಅಂಗಡಿಗೆ ಇನ್ನೊಂದು ದಾರಿಯಿದೆ, ಆದರೆ ಏರು ಜಾಸ್ತಿ.

ಸೆಪ್ಟೆಂಬರ್ 7, ಭಾನುವಾರ

ಎದ್ಗಾರ್ ಬಂದಿದ್ದ. ಇಪ್ಪತ್ತನಾಲ್ಕು ವರ್ಷದ ಗಂಡಸು, ನನ್ನ ಎದುರು ಚಿಕ್ಕ ಹುಡುಗನ ಹಾಗೆ ಕೂತ.

"ಪಪ್ಪಾನ ಜೊತೆ ನಿಮ್ದು ಏನೇ ಇರ್ಲಿ. ನನ್ನ ಎತ್ಕೊಂಡಿದ್ದು ನೀವು. ಇನ್ನೊಬ್ಬರನ್ನ ನಿಲ್ಲಿಸ್ಕೊಂಡು ನಾನ್ ಮದುವೆ ಆಗಲ್ಲ."

"ನಿಮ್ಮಪ್ಪ ಕಳಿಸಿದ್ನಾ?"

"ಅವ್ರು ಊರಲ್ಲೇ ಇಲ್ಲ. ಎಲ್ಲಿಗೋ ಹೋಗಿ ಎರಡು ದಿನ ಆಯ್ತು. ಕೆಲಸ ಇಲ್ವಲ್ಲ, ಕಾಲಿಗೆ ಚಕ್ರ ಬಂದಿದೆ."

ಆಗುವುದಿಲ್ಲ ಎಂದೆ. ನಿಕೊಲಾಸಾ ಅವನಿಗೆ ಬಿಸಿ ಜೋಳದ ಆಪಿ ಕುಡಿಯಲು ಕೊಟ್ಟಳು, ನನಗೆ ಕೊಡಲಿಲ್ಲ. ಹೋಗುವಾಗ ಅವನು ಬಗ್ಗಿ ನನ್ನ ಕೈಗೆ ಮುತ್ತಿಟ್ಟ. ಇಂಥ ಮಗ ಅಂಥವನಿಗೆ ಹೇಗೆ ಹುಟ್ಟಿದ?

ಸೆಪ್ಟೆಂಬರ್ 13, ಶನಿವಾರ

ಗಾಡಿ ತಯಾರಾಗಿದೆ ಎಂದು ಲಿಮಾಚಿ ಹೇಳಿಕಳಿಸಿದ್ದ. ಎಲ್ ಆಲ್ತೋಗೆ ಹೋದೆ. ಮೇಸ್ತ್ರಿಯನ್ನು ಇವತ್ತೇ ಮೊದಲು ನೋಡಿದ್ದು. ಕೆನ್ನೆಯಲ್ಲಿ ಕೋಕಾ ಎಲೆಯ ಉಂಡೆ, ಮೊಣಕೈವರೆಗೆ ಎಣ್ಣೆ. ಹಳೆಯ ಗೇರ್‌ಬಾಕ್ಸ್ ಬಿಚ್ಚಿ ಬೆಂಚಿನ ಮೇಲೆ ಹರಡಿದ್ದ. ಒಳಗಿನ ಬಿಲ್ಲೆಗಳೆಲ್ಲ ಕಪ್ಪು, ಸೀದ ರೊಟ್ಟಿಯ ಹಾಗೆ.

"ಡ್ರೈವರ್ ಇಟ್ಟಿದ್ರಾ ದೋನ್ ಫೌಸ್ತೀನೋ?"

"ಯಾಕೆ?"

"ಯಾರೇ ಆಗ್ಲಿ, ಕೈಯಾರೆ ಕೊಂದಿದಾನೆ. ನೋಡಿ, ಇದರೊಳಗೆ ಒಂದು ಪಂಪ್ ಇದೆ. ಎಂಜಿನ್ ತಿರುಗಿದ್ರೆ ಅದೂ ತಿರುಗುತ್ತೆ, ಎಲ್ಲಾ ಕಡೆ ಎಣ್ಣೆ ಹೋಗುತ್ತೆ. ಎಂಜಿನ್ ಆರಿಸಿ ಗಾಡಿ ಇಳಿಸಿದ್ರೆ? ಚಕ್ರ ಒಳಗಿನ ಸಾಮಾನೆಲ್ಲಾ ತಿರುಗಿಸ್ತಾನೇ ಇರುತ್ತೆ, ಎಣ್ಣೆ ಮಾತ್ರ ಇಲ್ಲ. ಒಣಗಂಟಲಲ್ಲಿ ರೊಟ್ಟಿ ನುಂಗಿದ ಹಾಗೆ. ನಿಮ್ಮ ಡ್ರೈವರ್ ಬೆಟ್ಟ ಇಳಿಯೋವಾಗ ನ್ಯೂಟ್ರಲ್ ಮಾಡಿ ಎಂಜಿನ್ ಆರಿಸ್ತಿದ್ದ. ಮಿನಿಬಸ್ಸಿನವರ ಚಾಳಿ. ಮಿನಿಬಸ್ಸಿಗೆ ನಡಿಯುತ್ತೆ, ಇದಕ್ಕೆ ನಡಿಯಲ್ಲ. ಆಮೇಲೆ ಯಾರೋ ಪುಣ್ಯಾತ್ಮರು ಹಗ್ಗ ಕಟ್ಟಿ ಬೇರೆ ಎಳೆಸಿದಾರೆ."

ಒಂದು ಕಪ್ಪು ಬಿಲ್ಲೆ ಎತ್ತಿ ನೋಡಿದೆ. "ಮುಂಚೇನೇ ಬಿಚ್ಚಿದ್ರಂತೆ. ಬೋಲ್ಟು ಹೊಳೀತಿತ್ತು."

"ಬಿಚ್ಚಿದ್ದು ನಾನೇ, ಜುಲೈನಲ್ಲಿ. 'ಕೊಂಪಾದ್ರೆಗೆ ಕೊಡೋ ಗಾಡಿ, ಒಳ್ಳೇ ಎಣ್ಣೆ ಹಾಕು' ಅಂತ ತಿಬುರ್ಸಿಯೋ ಬಂದು ನಿಂತು ಹಾಕಿಸಿದ್ರು. ಒಳಗೆ ಎಲ್ಲಾ ಹೊಸದರ ಹಾಗಿತ್ತು." ಅವನು ನನ್ನ ಮುಖ ನೋಡಿದ. "ಯಾಕೆ, ಅವರು ಹೇಳ್ಲಿಲ್ವಾ? ಈ ಸುಟ್ಟಿದ್ದನ್ನೆಲ್ಲಾ ಅವರಿಗೆ ತೋರಿಸಿದ್ನಲ್ಲ. ಆಗಸ್ಟ್ ಇಪ್ಪತ್ತೆಂಟು, ನನ್ ಮಗಳ ಹುಟ್ಟಿದಬ್ಬ, ಕೇಕ್ ತಿಂದು ಹೋದ್ರು. ಈಗ ಹಾಕಿರೋ ಗೇರ್‌ಬಾಕ್ಸ್ ಕೂಡ ಅವರೇ ಒರೂರೋದ ಗುಜರಿಯಲ್ಲಿ ಎರಡು ದಿನ ಹುಡುಕಿ, ಬಸ್ಸಲ್ಲಿ ಹೇರ್ಕೊಂಡು ಬಂದಿದ್ದು."

ಗಾಡಿಯನ್ನು ಡಿ ಯಲ್ಲೇ ಮನೆಗೆ ತಂದೆ. ಈ ಪುಸ್ತಕ ತೆಗೆದೆ. ಉಳಿಸಿದ್ದು ಎರಡೂವರೆ. ಉಳಿಸಿದ್ದು ಮೂರು. ಉಳಿಸಿದ್ದು ಎರಡೂವರೆ. ನನ್ನದೇ ಅಕ್ಷರ. ಸಾಕ್ಷಿಗೆ ಬೇಕೆಂದು ಬರೆದದ್ದು. ಸಭೆ ನಡೆದದ್ದು ಮೂವತ್ತನೇ ತಾರೀಕು. ಅವನಿಗೆ ಗೊತ್ತಾಗಿ ಎರಡು ದಿನ ಆಗಿತ್ತು.

ಸೆಪ್ಟೆಂಬರ್ 14, ಭಾನುವಾರ

ಅವನು ಹೇಳಬಹುದಿತ್ತು. ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಒಂದು ಮಾತು. ಹೇಳಲಿಲ್ಲ. ಅಷ್ಟು ಜನರ ಮುಂದೆ ನಾನು ಹುಚ್ಚನ ಹಾಗೆ ಕೂಗುವುದನ್ನು ನೋಡುತ್ತಾ ನಿಂತ. ಇದೂ ಮೋಸವೇ ಅಲ್ಲವೇ?

ಸೆಪ್ಟೆಂಬರ್ 15, ಸೋಮವಾರ

ಸರದಿಗೆ ಹೋಗಲಿಲ್ಲ. ಮೊಣಕಾಲು ನೋವು ಎಂದು ಹೇಳಿಕಳಿಸಿದೆ. ಮೊಣಕಾಲು ಚೆನ್ನಾಗಿದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಮ್ಮಪ್ಪ ಹೇಳುತ್ತಿದ್ದ ಮಾತು. ಸುಮ್ಮನೆ ನೆನಪಾಯಿತು.

ಸೆಪ್ಟೆಂಬರ್ 16, ಮಂಗಳವಾರ

ಹೋದೆ. ತಿಬುರ್ಸಿಯೋ ಮದುವೆಗೆಂದು ಬಾಗಿಲಿಗೆ ಹಸಿರು ಬಣ್ಣ ಬಳಿಯುತ್ತಿದ್ದ. ನನ್ನನ್ನು ನೋಡಿಯೂ ಬ್ರಷ್ ಕೆಳಗಿಡಲಿಲ್ಲ.

"ಲಿಮಾಚಿ ಹೇಳಿದ," ಎಂದೆ.

"ಬಾಯಿ ಹರುಕ."

"ಸಭೇಲಿ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ ಏಳನೇ ನಂಬರ್ ಅಲ್ಲೇ, ಆ ಮೇಜಿನ ಮೇಲೇ ಹೋಗ್ತಿತ್ತು. ಕಾಲಂತೂ ಇಲ್ಲ, ನಂಬರೂ ಇಲ್ಲ ಅಂದ್ರೆ ಏನ್ ಮಾಡ್ತಿದ್ರಿ? ರೋಡಲ್ಲಿ ಕೂತು ಕಿತ್ತಳೆ ಮಾರ್ತಿದ್ರಾ?"

"ಸಭೆಗೆ ಮುಂಚೆ ನನಗೊಬ್ಬನಿಗೆ ಹೇಳ್ಬಹುದಿತ್ತು."

"ಬಂದಿದ್ದೆ. ಶುಕ್ರವಾರ ಸಂಜೆ. ನೀವು ಒಳಗಿಂದ ಕೊಮಾದ್ರೆ ನಿಕೊಲಾಸಾ ಹತ್ರ ಕೂಗ್ತಿದ್ರಿ, 'ಆ ಕಳ್ಳನ ಹೆಸರು ಈ ಮನೇಲಿ ಎತ್ತಬೇಡ' ಅಂತ. ಬಾಗಿಲು ತಟ್ಟಲಿಲ್ಲ, ವಾಪಸ್ ಬಂದೆ."

ಅವನು ಬಣ್ಣ ಬಳಿಯುತ್ತಲೇ ಇದ್ದ, ಒಂದೇ ಜಾಗಕ್ಕೆ ಮತ್ತೆ ಮತ್ತೆ.

"ಗಾಡಿ ಕೆಡೋದು ದೊಡ್ಡದಲ್ಲ ಕೊಂಪಾದ್ರೆ. ನಾನು ಕೇಳ್ದಾಗ 'ಡಿ ಯಲ್ಲೇ ಇಳಿಸ್ದೆ' ಅಂತ ಸುಳ್ಳು ಹೇಳಿದ್ರಿ, ಅದೂ ಹೋಗ್ಲಿ. ಆದ್ರೆ ನಾನು ಕಳ್ಳ ಅಂತ ನಿಮ್ಗೆ ಒಂದೇ ದಿನದಲ್ಲಿ ನಂಬಿಕೆ ಬಂದ್ಬಿಡ್ತಲ್ಲ, ಎರಡು ಬೋಲ್ಟು ನೋಡಿ. ಅದಕ್ಕೆ ಒರೂರೋದ ಗುಜರೀಲಿ ಸಾಮಾನು ಸಿಗಲ್ಲ."

ಅಳು ಬಂತು. ಅತ್ತೆ. ಅವನು ಸಮಾಧಾನ ಮಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಯಾರಿಗೂ ಬಾಯಿ ಬಿಡ್ಬೇಡಿ. ಶನಿವಾರಕ್ಕೆ ನನ್ ಶಿಕ್ಷೆ ಮುಗಿಯುತ್ತೆ, ಅಲ್ಲಿಗೆ ಎಲ್ಲಾ ಮುಗೀತು. ಎದ್ಗಾರ್‌ಗೋಸ್ಕರ ಮದುವೆಗೆ ಬನ್ನಿ," ಎಂದ. ಕೂರಿ ಎನ್ನಲಿಲ್ಲ. ಆ ಮನೆಯಿಂದ ಏನೂ ಕುಡಿಯದೆ ಬಂದದ್ದು ಜೀವನದಲ್ಲಿ ಎರಡನೇ ಸಲ. ಎರಡೂ ಈ ಗಾಡಿ ಬಂದ ಮೇಲೆ.

ಸೆಪ್ಟೆಂಬರ್ 18, ಗುರುವಾರ

ನಿಕೊಲಾಸಾಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬಹಳ ಹೊತ್ತು ಆಲೂಗಡ್ಡೆ ಸುಲಿಯುತ್ತಾ ಇದ್ದಳು. "ಹಿಂದೆ ಆರು ಜನ ಕೂತಿರ್ತಿದ್ರಲ್ಲೋ ಮುದುಕಾ," ಎಂದಳು. ಅಷ್ಟೇ ಅಂದದ್ದು. ಆಮೇಲೆ ಲಂಗಕ್ಕೆ ಇಸ್ತ್ರಿ ಹಾಕಿದಳು.

ಸೆಪ್ಟೆಂಬರ್ 20, ಶನಿವಾರ

ಕೊರೊಯ್ಕೋದಲ್ಲಿ, ಹುಡುಗಿಯ ಚಿಕ್ಕಮ್ಮನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹೊರಗೆ ಇನ್ನೂ ಬ್ಯಾಂಡ್ ಬಾರಿಸುತ್ತಿದೆ.

ಬೆಳಿಗ್ಗೆ ಗಾಡಿಗೆ ಬಣ್ಣದ ಕಂಬಳಿ ಹೊದಿಸಿ, ಮೇಲೆ ಬೆಳ್ಳಿ ತಟ್ಟೆ ಚಮಚ ಕಟ್ಟಿ ಹೊರಟೆವು. ಮುಂದೆ ನನ್ನ ಪಕ್ಕ ಎದ್ಗಾರ್. ಹಿಂದೆ ನಿಕೊಲಾಸಾ, ಕೊಂಪಾದ್ರೆ, ಅವನ ಹೆಂಡತಿ. ಕೊಂಪಾದ್ರೆ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ. ಕೀಲಿ ತಿರುಗಿಸಿದಾಗ ಆ ಹೆಂಗಸು ಮಾತಾಡಿದಳು, ಯಾರೂ ನಗಲಿಲ್ಲ. ಹಿಂದೆ ಸಂಘದ ಹದಿನಾರು ಗಾಡಿಗಳು ಹಾರ್ನ್ ಹೊಡೆಯುತ್ತಾ ಬಂದವು. ಅವುಗಳಲ್ಲಿ ಕೂತವರು ಕೊಂಪಾದ್ರೆಯ ಕಡೆ ನೋಡುತ್ತಿದ್ದ ನೋಟ ನನಗೆ ಕನ್ನಡಿಯಲ್ಲಿ ಕಾಣುತ್ತಿತ್ತು. ಮಗನ ಮದುವೆಯ ದಿನವೂ ಕಳ್ಳನನ್ನು ನೋಡುವ ನೋಟ.

ಲಾ ಕುಂಬ್ರೆಯಲ್ಲಿ ಎಲ್ಲರೂ ನಿಲ್ಲಿಸಿ ಇಳಿದರು. ಗಾಳಿಗೆ ಟೋಪಿ ನಿಲ್ಲುತ್ತಿರಲಿಲ್ಲ. ನಾನು ಎಂಜಿನ್ ಆರಿಸದೆ ಇಳಿದೆ. ಭೂತಾಯಿಗೆ ಆಲ್ಕೋಹಾಲ್ ಚಿಮುಕಿಸುವ ಹೊತ್ತಿಗೆ ಬಾಟಲಿ ನನ್ನ ಕೈಗೆ ಬಂತು. ಮಾತು ಯೋಚಿಸಿ ಇಟ್ಟುಕೊಂಡಿರಲಿಲ್ಲ.

"ಸಂಗಾತಿಗಳೇ," ಎಂದೆ. "ಗೇರ್‌ಬಾಕ್ಸ್ ಸುಟ್ಟಿದ್ದು ನಾನು. ಇಲ್ಲಿಂದ ಉಂದುವಾವಿವರೆಗೆ ದಿನಾ ನ್ಯೂಟ್ರಲ್ಲಲ್ಲಿ ಇಳಿಸ್ತಿದ್ದೆ, ಎಂಜಿನ್ ಆರಿಸಿ, ಜನ ತುಂಬ್ಕೊಂಡು. ಇವರಿಗೆ ಗೊತ್ತಿತ್ತು. ನನ್ನ ನಂಬರ್ ಉಳಿಸೋಕೆ ಕಳ್ಳ ಅನ್ನಿಸ್ಕೊಂಡ್ರು."

ದೋನ್ ಸಿಪ್ರಿಯಾನೋ ನೆಲ ನೋಡಿದ. ಬಸ್ಸು ಉರುಳಿ ಸತ್ತ ರಾಮಿರೋ ಅವನ ತಮ್ಮ. ಅದು ನನಗೆ ನೆನಪಿರಲಿಲ್ಲವೆಂದಲ್ಲ.

"ಸೋಮವಾರ ನಂಬರಿನ ತಗಡು ತಂದು ಕೊಡು ಫೌಸ್ತೀನೋ," ಎಂದ. ಆಮೇಲೆ ಕೊಂಪಾದ್ರೆಯ ಹತ್ತಿರ ಹೋಗಿ ಟೋಪಿ ತೆಗೆದ. ಒಬ್ಬೊಬ್ಬರೇ ಅವನ ಹತ್ತಿರ ಹೋದರು.

ಅವನು ಎಲ್ಲರನ್ನೂ ಬದಿಗೆ ತಳ್ಳಿ ನನ್ನ ಎದುರಿಗೆ ಬಂದು ನಿಂತ. ಮುಖ ಕೆಂಪಾಗಿತ್ತು. "ಲೋ ಕತ್ತೆ! ಮೂರು ವಾರ ನಾನು ಮನೇಲಿ ಕೂತು ಬಾಗಿಲಿಗೆ ಬಣ್ಣ ಬಳಿದಿದ್ದು ಯಾತಕ್ಕೆ ಅಂದ್ಕೊಂಡಿದ್ದೀಯ? ಎಲ್ಲಾ ನೀರಲ್ಲಿ ಹೋಮ ಮಾಡಿದ್ಯಲ್ಲೋ!" ಇಪ್ಪತ್ತನಾಲ್ಕು ವರ್ಷ ಆಗಿತ್ತು ಅವನು ನನಗೆ 'ಲೋ' ಎಂದು. ಕೈಯಲ್ಲಿದ್ದ ಬಾಟಲಿ ಕಿತ್ತುಕೊಂಡು ಉಳಿದದ್ದನ್ನೆಲ್ಲ ನೆಲಕ್ಕೆ ಸುರಿದ. ಆಮೇಲೆ ಎದ್ಗಾರ್‌ನ ತೋಳು ಹಿಡಿದು, "ನೀನ್ ಹಿಂದೆ ಹೋಗು," ಎಂದು ಹೇಳಿ ತಾನು ಮುಂದಿನ ಬಾಗಿಲು ತೆಗೆದು ಕೂತ. ನನ್ನನ್ನು ನೋಡಲಿಲ್ಲ, ಮಾತಾಡಲೂ ಇಲ್ಲ. ಆದರೆ ಕೂತ.

ಉದ್ದನೆಯ ನೇರ ದಾರಿ ಬಂದಾಗ ನನ್ನ ಕೈ ತಾನಾಗಿ ಗೇರಿನ ಕಡೆ ಹೋಯಿತು. ಕೊಂಪಾದ್ರೆ ಕಿಟಕಿಯಾಚೆ ನೋಡುತ್ತಲೇ ಇದ್ದ. ಕೈ ವಾಪಸ್ ಸ್ಟೀರಿಂಗಿಗೆ ತಂದೆ. ಗಾಡಿ ಅದರ ಪಾಡಿಗೆ ಅದು ಇಳಿಯಿತು, ಅವನು ಹೇಳಿದ ಹಾಗೇ. ಆ ಹೆಂಗಸು ಕೊರೊಯ್ಕೋ ತಲುಪುವವರೆಗೆ ಮತ್ತೆ ಬಾಯಿ ಬಿಡಲಿಲ್ಲ.

ಇವತ್ತು ಪೆಟ್ರೋಲ್ ಹೆಚ್ಚು ಕುಡಿದಿರಬೇಕು. ಎಷ್ಟೆಂದು ನೋಡಲಿಲ್ಲ.